ಭೋಪಾಲದಲ್ಲಿದ್ದ ನಮ್ಮವರು

ಯಶವಂತಪುರ
ಜನವರಿ ೧೯೮೫

ಚಿಕ್ಕಪ್ಪನವರಿಗೆ,

ಹತ್ತನೇ ಕ್ಲಾಸು ಬಿಟ್ಟು ಓಡಿಹೋದ ವರ್ಷ ನಾನು ನೀವು ನಂಬಿದಂತೆ ಹುಬ್ಬಳ್ಳಿಯಲ್ಲಿರಲಿಲ್ಲ, ಭೋಪಾಲದಲ್ಲಿದ್ದೆ. ದರ್ಜಿ ರಹಮತ್ ಸಾಹೇಬರು ಮನೆಯಲ್ಲಿಟ್ಟುಕೊಂಡು ಊಟ ಹಾಕಿ ಹೊಲಿಗೆ ಕಲಿಸಿದರು. ಸಾಬರ ಮನೆಯಲ್ಲಿ ಉಂಡವನೆಂದು ಗೊತ್ತಾದರೆ ನನ್ನ ತಟ್ಟೆಯನ್ನು ಹಿತ್ತಲಲ್ಲಿಡುತ್ತೀರೆಂದು ಹೇಳಿರಲಿಲ್ಲ.

ಕಳೆದ ತಿಂಗಳು ಆ ಊರಿನಲ್ಲಿ ವಿಷದ ಗಾಳಿಗೆ ಸಾವಿರಾರು ಜನ ಸತ್ತರು. ನಿಮ್ಮ ಮಗ ವಿರೂಪಾಕ್ಷನಿಗೆ ಅಲ್ಲಿಗಾಗಿದ್ದ ವರ್ಗಾವಣೆ ಮೊದಲೇ ರದ್ದಾಗಿತ್ತೆಂದು ನೀವು ಸಂಜಯನಗರದ ಮನೆಯಲ್ಲಿ ಹೋಳಿಗೆ ಊಟ ಹಾಕಿಸಿದಿರಿ. ತುಪ್ಪ ಬಡಿಸುತ್ತಾ, "ದೇವ್ರು ದೊಡ್ಡವ್ನು ಕಣ್ರೀ, ನಮ್ಮೋರು ಯಾರೂ ಅಲ್ಲಿರ್ಲಿಲ್ಲ" ಎಂದಿರಿ. ಇಷ್ಟು ಅಗ್ಗದ ಕೃತಜ್ಞತೆಯನ್ನು ನಾನು ಎಲ್ಲೂ ಕಂಡಿಲ್ಲ. ಅಂದು ನಾನು ಎಲೆ ಬಿಟ್ಟು ಎದ್ದದ್ದು ಹೊಟ್ಟೆನೋವಿನಿಂದಲ್ಲ.

ಭೋಪಾಲದಿಂದ ಬಂದ ಲಾರಿ ಡ್ರೈವರ್ ನಿನ್ನೆ ಸುದ್ದಿ ತಂದ. ಸಾಹೇಬರು ಬದುಕಿದ್ದಾರೆ, ಅಂಗಡಿಯನ್ನೂ ತೆರೆದಿದ್ದಾರೆ. ಕಣ್ಣು ಮಂಜಾಗಿರುವುದರಿಂದ ದಾರಿಹೋಕರನ್ನು ಕರೆದು ಸೂಜಿಗೆ ದಾರ ಪೋಣಿಸಿಕೊಡಲು ಕೇಳುತ್ತಾರಂತೆ. ಅದನ್ನು ಕೇಳಿದ ಮೇಲೆ, ಎಷ್ಟೋ ದಿನಗಳ ನಂತರ ನನಗೆ ಹಸಿವಾಯಿತು.

ನಿಮ್ಮ ಅಟ್ಟದ ಮೇಲೆ ನನ್ನ ಕತ್ತರಿ ಮತ್ತು ಕಂಬಳಿ ಇವೆ. ಈ ಪತ್ರ ತಂದವನ ಕೈಯಲ್ಲಿ ಕೊಟ್ಟು ಕಳಿಸಿ. ಆಶೀರ್ವಾದ ಬೇಡ.

ನಾಳೆ ಬೆಳಗಿನ ರೈಲಿಗೆ ಭೋಪಾಲಕ್ಕೆ ಹೊರಡುತ್ತೇನೆ.

ಇಂತಿ,
ಮಹಾಂತೇಶ