ಕದಿರೇಶನ ಎಡೆ

ಮಾಲೂರು
ತಾ. 5-12-1981, ಶನಿವಾರ

ಪ್ರೀತಿಯ ಅತ್ತೆಗೆ, ನಿಮ್ಮ ಸೊಸೆ ಆದಿಲಕ್ಷ್ಮಿ ಕಾಲು ಮುಟ್ಟಿ ಮಾಡುವ ನಮಸ್ಕಾರಗಳು.

ನಿಮ್ಮ ಮಂಡಿನೋವು ಹೇಗಿದೆ? ಚಳಿ ಶುರುವಾಗಿದೆ, ಎಕ್ಕದ ಎಲೆ ಬಿಸಿ ಮಾಡಿ ಕಟ್ಟುವುದನ್ನು ಬಿಡಬೇಡಿ. ನೀವು ಬಿಟ್ಟೇ ಇರುತ್ತೀರಿ, ನಾನಿಲ್ಲದಿದ್ದರೆ ಕಟ್ಟುವವರು ಯಾರು. ಈ ಸಲದ ರೇಷ್ಮೆಹುಳ ಹಣ್ಣಾಗಿ ಗೂಡು ಕಟ್ಟಿತೇ? ಕೆಂದ ಹಸು ಈಯಿತೇ? ದೇವರಾಯಸಮುದ್ರದ ಕೆರೆಗೆ ನೀರು ಬಂದಿದೆ ಎಂದು ಬಸ್ಸಿನವರು ಹೇಳಿದರು, ಕೇಳಿ ಸಂತೋಷವಾಯಿತು. ಇಲ್ಲಿ ನಾನು ಚೆನ್ನಾಗಿದ್ದೇನೆ. ನಿಮ್ಮ ಮಗನ ಆರೋಗ್ಯದ ವಿಷಯ ಕೊನೆಯಲ್ಲಿ ಬರೆಯುತ್ತೇನೆ. ಮೊದಲೇ ಬರೆದರೆ ಉಳಿದದ್ದಕ್ಕೆ ನೀವು ಕಿವಿ ಕೊಡುವುದಿಲ್ಲ, ನಿಮ್ಮ ಬುದ್ಧಿ ನನಗೆ ಗೊತ್ತಿಲ್ಲವೇ. ಪತ್ರ ಓದಿ ಹೇಳುವ ಶ್ಯಾಮಲಮ್ಮ ಟೀಚರಿಗೂ ನಮಸ್ಕಾರ. ಟೀಚರೇ, ಮಾವನವರು ಜಗಲಿಯ ಮೇಲೆ ಕೂತಿದ್ದರೆ ದಯವಿಟ್ಟು ಇಲ್ಲಿಗೇ ಮಡಿಸಿಡಿ. ಅವರು ಹಿಪ್ಪುನೇರಳೆ ತೋಟದ ಕಡೆ ಹೋದ ಮೇಲೆ ಮುಂದಕ್ಕೆ ಓದಿ.

ಅತ್ತೆ, ಗಂಡನ ಹೆಸರು ಹೇಳಬಾರದೆಂದು ನೀವೇ ನನಗೆ ಕಲಿಸಿದಿರಿ. ಆದರೆ ಸತ್ತವನ ಹೆಸರು ಹೇಳಲು ಯಾವ ಅಡ್ಡಿಯೂ ಇಲ್ಲವಲ್ಲ. ಆದ್ದರಿಂದ ಬರೆಯುತ್ತೇನೆ: ಕದಿರೇಶ. ಹೋದ ವರ್ಷ ಬೇಸಿಗೆಯಲ್ಲಿ ಮಾವನವರು ಹಗ್ಗದ ಮೇಲಿದ್ದ ಅವನ ನೀಲಿ ಅಂಗಿಯನ್ನು ಮೊರದಲ್ಲಿ ಹೊತ್ತು ತೋಟದ ಬದುವಿನಲ್ಲಿ ಹೂತರಲ್ಲ, ಮೂರನೇ ದಿನ ಅದರ ಮೇಲೆ ಹಾಲು ತುಪ್ಪ ಬಿಟ್ಟು, ಹನ್ನೊಂದಕ್ಕೆ ತಿಥಿ ಮಾಡಿ ಊರಿಗೆಲ್ಲ ಊಟ ಹಾಕಿಸಿದರಲ್ಲ, ಆ ಕದಿರೇಶ. ಕುಡಿದು ಬಂದ ಮಗನಿಗೆ ಸ್ನಾನಕ್ಕೆ ನೀರು ಕಾಯಿಸಿ ಕೊಡುತ್ತಿದ್ದ ಮಾವನವರು, ಕುಡಿಯುವುದನ್ನು ಬಿಟ್ಟೆ, ಯೇಸುವಿನ ಹೆಸರಿನಲ್ಲಿ ಮುಳುಗಿ ಎದ್ದೆ ಎಂದು ಬಂದ ಮಗನಿಗೆ ತಿಥಿ ಮಾಡಿದರು. ನನಗೆ ಅದು ಇಂದಿಗೂ ಅರ್ಥವಾಗಿಲ್ಲ. ಅಂದು ಮುತ್ಯಾಲಮ್ಮ ದೊಡ್ಡಮ್ಮ, ಗಂಡ ಸತ್ತ ಮೇಲೆ ಇವಳಿಗೇಕೆ ಬಳೆ ಎಂದು ನನ್ನ ಕೈ ಹಿಡಿದಾಗ ನೀವು ಮಧ್ಯೆ ಬಂದು ಹೇಳಿದ ಮಾತು ನನಗೆ ನೆನಪಿದೆ. "ನನ್ ಸೊಸೆ ಬಳೆ ಮುಟ್ಟಿದ್ರೆ ನಿನ್ ಕೈ ಮುರೀತೀನಿ ಕಣೇ. ನನ್ ಮಗ ಬದ್ಕವ್ನೆ." ಇಡೀ ಊರಿನಲ್ಲಿ ಹಾಗೆಂದವರು ನೀವೊಬ್ಬರೇ. ರಾಗಿಹಿಟ್ಟು ಕಟ್ಟಿಕೊಟ್ಟು ಮಾಲೂರಿಗೆ ನನ್ನನ್ನು ಬಸ್ಸು ಹತ್ತಿಸಿದವರೂ ನೀವೇ.

ಇಲ್ಲಿ ಹೆಂಚಿನ ಕಾರ್ಖಾನೆಯ ಸಾಲುಮನೆಯಲ್ಲಿ ಒಂದು ಕೋಣೆ. ಗೂಡಿನಲ್ಲಿ ಹಸಿ ಹೆಂಚು ಜೋಡಿಸುವುದು, ಬೆಂದ ಮೇಲೆ ಇಳಿಸುವುದು ನಿಮ್ಮ ಮಗನ ಕೆಲಸ. ಕೋಲಾರದ ಆಸ್ಪತ್ರೆಯಲ್ಲಿ ರಕ್ತ ಕಾರಿಕೊಂಡು ಬಿದ್ದಿದ್ದಾಗ ಮಗ್ಗುಲಲ್ಲಿ ಕೂತು ಗಂಜಿ ಕುಡಿಸಿದ, ಚರ್ಚಿನ ಉಪದೇಶಿ ದೇವಸಹಾಯಪ್ಪನವರೇ ಈ ಕೆಲಸವನ್ನೂ ಕೊಡಿಸಿದ್ದು. ಹೊಸ ಹೆಸರು ಇಟ್ಟವರೂ ಅವರೇ. ಶಾಂತಿ ಎಂಬ ಅರ್ಥ ಬರುವ ಹೆಸರು. ನಿಮ್ಮ ಮಗನಿಗೆ! ಸಾರಿಗೆ ಉಪ್ಪು ಕಡಿಮೆಯಾದರೆ ತಟ್ಟೆ ಬೀಸುತ್ತಿದ್ದವನಿಗೆ! ಕೇಳಿದಾಗ ನಕ್ಕುಬಿಟ್ಟೆ. ಮೊದಲ ತಿಂಗಳುಗಳಲ್ಲಿ ಗಂಡನ ಹೆಸರು ಎಂಬ ಮರ್ಯಾದೆಯೂ ಇಲ್ಲದೆ ಆ ಹೆಸರನ್ನು ಅಣಕಿಸಿ ಅಣಕಿಸಿ ಕೂಗುತ್ತಿದ್ದೆ. ಅಕ್ಕಪಕ್ಕದವರು ಇವಳೆಂಥ ಗಂಡುಬೀರಿ ಎಂದುಕೊಂಡಿರಬೇಕು. ನಾನೇನೂ ಮುಳುಗಿಲ್ಲ ಅತ್ತೆ. ಗೋಡೆಯ ಗೂಡಿನಲ್ಲಿ ನೀವು ಕೊಟ್ಟ ಚೌಡಮ್ಮನ ಪಟ ಇದೆ, ದೀಪ ಹಚ್ಚುತ್ತೇನೆ. ನಿಮ್ಮ ಮಗ ಅದಕ್ಕೆ ಬೆನ್ನು ಮಾಡಿ ಮಂಡಿಯೂರುತ್ತಾರೆ. ಒಂದೇ ಕೋಣೆ, ಏನು ಮಾಡುವುದು.

ನೀರಿನಲ್ಲಿ ಮುಳುಗಿ ಎದ್ದ ಕೂಡಲೇ ಕುಡಿತದ ಆಸೆಯೂ ತೊಳೆದುಹೋಗುತ್ತದೆ ಎಂದು ಅವರು ನಂಬಿದ್ದರು. ಹೋಗಲಿಲ್ಲ. ಸಾರಾಯಿ ಅಂಗಡಿ ರೈಲ್ವೆ ಗೇಟಿನ ಪಕ್ಕದಲ್ಲೇ ಇದೆ. ಬಟವಾಡೆಯ ದಿನ ಆ ದಾರಿ ಬಿಟ್ಟು ಕೆರೆ ಅಂಗಳ ಬಳಸಿಕೊಂಡು, ಕಾಲೆಲ್ಲ ಕೆಸರು ಮಾಡಿಕೊಂಡು ಬರುತ್ತಿದ್ದರು. ಮನೆಗೆ ಬಂದು ಬಾಗಿಲಿಗೆ ಒರಗಿ ಕೂತರೆ ಮೈಯೆಲ್ಲ ನಡುಕ. "ಒಳಗೆ ಇಬ್ರು ಅವ್ರೆ ಕಣೇ. ಒಬ್ನು ಮಂಡಿ ಊರ್ತಾನೆ, ಇನ್ನೊಬ್ನು ಗೇಟ್ ಕಡೆ ನೋಡ್ತಾನೆ. ನಾನ್ಯಾವ್ನು ಅಂತ ನಂಗೇ ಗೊತ್ತಾಗ್ತಿಲ್ಲ" ಎಂದು ಒಂದು ದಿನ ಅತ್ತರು. ಕನಿಕರ ಬರಬೇಕಿತ್ತು. ಬರಲಿಲ್ಲ. ನನ್ನ ಎಡಗಿವಿ ಕೇಳಿಸುವುದಿಲ್ಲ ಎಂಬುದು ನಿಮಗೆ ಗೊತ್ತು, ಯಾರ ಕೈಯ ಏಟಿಗೆ ಹೋಯಿತೆಂಬುದೂ ಗೊತ್ತು. ಹಳೆಯ ಮನುಷ್ಯ ಸತ್ತ, ಇವನು ಹೊಸಬ ಎಂದು ಉಪದೇಶಿಗಳು ಹೇಳುವಾಗಲೆಲ್ಲ ನನ್ನ ಹೊಟ್ಟೆ ಉರಿಯುತ್ತಿತ್ತು. ಹೊಡೆದವನು ಸತ್ತು ಪಾರಾದ, ಹೊಡೆಸಿಕೊಂಡವಳು ಮಾತ್ರ ಅದೇ ಕಿವಿ ಹೊತ್ತುಕೊಂಡು ಕೂತಿದ್ದೇನೆ. ನಾನು ಯಾರನ್ನು ಕೇಳಲಿ?

ಈ ವರ್ಷದ ಸಂಕ್ರಾಂತಿಯ ದಿನ ಅವರು ಗೇಟಿನ ದಾರಿಯಲ್ಲೇ ಬಂದರು. ಅವರಿಗಿಂತ ಮೊದಲು ವಾಸನೆ ಬಂತು. ನಾನು ಸುಮ್ಮನಿರಬಹುದಿತ್ತು, ಇರಲಿಲ್ಲ. ಆ ಹೊಸ ಹೆಸರನ್ನು ಎಳೆದೆಳೆದು ಕೂಗಿ, ಬನ್ನಿ ಸ್ವಾಮಿ ಎಂದೆ. ಹೊಡೆದರು. ಕೆಳಗೆ ಬಿದ್ದವಳು ಬಿದ್ದ ಹಾಗೆಯೇ ಕೇಳಿದೆ, ಈಗ ಹೊಡೆದವನು ಯಾರು, ಸತ್ತವನೋ ಹುಟ್ಟಿದವನೋ ಎಂದು. ಆ ಮಾತಿಗೆ ಅವರ ಅಮಲೆಲ್ಲ ಇಳಿದುಹೋಯಿತು. ಆಮೇಲೆ ಪ್ರಾರ್ಥನೆಯ ಗುಡಿಗೆ ಹೋಗಲಿಲ್ಲ, ಸರಿಯಾಗಿ ಉಣ್ಣಲಿಲ್ಲ. ನನಗೆ ಆ ನೀರು ಹತ್ತಲಿಲ್ಲ, ನಾನು ಕದಿರೇಶನೇ ಎಂದು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟರು.

ಉಪದೇಶಿಗಳು ಸೈಕಲ್ಲಿನಲ್ಲಿ ಬಂದರು. ಅವರು ನಮ್ಮ ಕಡೆಯವರೇ, ಶ್ರೀನಿವಾಸಪುರದ ಹತ್ತಿರದವರು, ತೆಲುಗು ಬೆರೆಸಿ ಮಾತಾಡುತ್ತಾರೆ. ಬೈಯುತ್ತಾರೆ ಎಂದುಕೊಂಡಿದ್ದೆ, ಬೈಯಲಿಲ್ಲ. "ಅಯ್ಯಾ ನಾಯನಾ, ಸತ್ತೋನು ಹೊಸಿಲಾಗೆ ನಿಂತು ಕೂಗ್ತಾನೆ. ಕೂಗೋದು ಅವನ ಕೆಲ್ಸ. ಓಗೊಡಬ್ಯಾಡ, ಅದು ನಿನ್ ಕೆಲ್ಸ" ಎಂದರು. ಕತ್ತಲಾದ ಮೇಲೆ ಬಾಗಿಲಲ್ಲಿ ಯಾರಾದರೂ ಹೆಸರು ಹಿಡಿದು ಕರೆದರೆ ಒಂದೇ ಕೂಗಿಗೆ ಓಗೊಡಬಾರದೆಂದು ನೀವು ನಮಗೆ ಹೇಳುತ್ತಿರಲಿಲ್ಲವೇ, ಹಾಗೆ. ನಿಮ್ಮ ಮಗ ಅದನ್ನು ಅಕ್ಷರಶಃ ಹಿಡಿದುಬಿಟ್ಟರು. ಆವತ್ತಿನಿಂದ ಯಾರು ಕದಿರೇಶ ಎಂದು ಕರೆದರೂ ತಿರುಗಿ ನೋಡಲಿಲ್ಲ. ಮೇಸ್ತ್ರಿ ಕರೆದರೂ ಇಲ್ಲ, ಅದಕ್ಕೆ ಅರ್ಧ ದಿನದ ಕೂಲಿ ಹೋಯಿತು. ಅಂಗಿ ಹೂತದ್ದು ಎಲ್ಲಿ, ಹಾಲು ಬಿಟ್ಟವರು ಯಾರು, ಯಾರು ಯಾರು ಅತ್ತರು ಎಂದು ನನ್ನಿಂದ ಕೆದಕಿ ಕೆದಕಿ ಕೇಳಿದರು. ಕೊನೆಗೆ, "ನಮ್ಮಪ್ಪ ನಂಗೆ ಮಾಡಿದ್ ದೊಡ್ಡ ಉಪ್ಕಾರ ಅದೇ ಕಣೇ, ಮಣ್ಣು ಮಾಡಿ ಕೊಟ್ಟವ್ನೆ" ಎಂದರು. ಮಾವನವರಿಗೆ ಇದನ್ನು ಹೇಳಬೇಡಿ. ಅಥವಾ ಹೇಳಿ, ನಿಮ್ಮಿಷ್ಟ.

ಹೀಗೆ ಮಹಾಲಯ ಅಮಾವಾಸ್ಯೆ ಬಂತು. ಅತ್ತೆ, ಇಲ್ಲಿಂದ ಮುಂದಿನದನ್ನು ಬರೆಯಲು ಕೈ ಬರುತ್ತಿಲ್ಲ, ನೀವು ನೊಂದುಕೊಳ್ಳಬಾರದು. ಸತ್ತ ಹಿರಿಯರ ಜೊತೆ ಮಾವನವರು ಕದಿರೇಶನಿಗೂ ಎಡೆ ಇಡಿಸಿದರಂತೆ, ಊರಿನಿಂದ ಬಂದ ಅಶ್ವತ್ಥಪ್ಪ ಹೇಳಿದ. ಸತ್ತವರಿಗೆ ಇಷ್ಟವಾದದ್ದನ್ನೇ ಎಡೆಗೆ ಇಡುವುದು ನಮ್ಮ ಪದ್ಧತಿ. ಕೋಳಿಸಾರು, ವಡೆ, ಒಂದು ಸೀಸೆ ಸಾರಾಯಿ. ಮಗ ಬದುಕಿದ್ದಾನೆ ಎಂದು ನಂಬಿದ್ದ ನೀವು, ಮಾವನವರ ಕಣ್ಣು ತಪ್ಪಿಸಿ ಆ ಎಡೆಯನ್ನೇ ಕ್ಯಾರಿಯರಿಗೆ ತುಂಬಿ, ಸೀಸೆಗೆ ಬಟ್ಟೆ ಸುತ್ತಿ, ಅಶ್ವತ್ಥಪ್ಪನ ಕೈಯಲ್ಲಿ ಕಳಿಸಿದಿರಿ. ಅವನು ಬಾಗಿಲಲ್ಲಿ ನಿಂತು, "ಲೇ ಕದಿರೇಶ, ನಿಮ್ಮಮ್ಮ ಕೊಟ್ಲು ಕಣ್ಲಾ, ನಿಂಗಿಷ್ಟ ಅಂತ" ಎಂದು ಸೀಸೆ ಇಟ್ಟು ಹೋದ. ಬೇರೆ ಯಾರು ಕರೆದರೂ ಓಗೊಡದೆ ಇರಬಹುದು. ತಾಯಿ ಕಳಿಸಿದ್ದನ್ನು ಹೇಗೆ ಬೇಡ ಎನ್ನುವುದು? ಅವರು ಸೀಸೆಯ ಮುಂದೆ ಕೂತರು. ಕೈ ಮುಂದಕ್ಕೆ ಹೋಗುತ್ತಿತ್ತು, ಹಿಂದಕ್ಕೆ ಬರುತ್ತಿತ್ತು. ಬಾಯಿ ಮಾತ್ರ ಕರ್ತನೇ ಕರ್ತನೇ ಎನ್ನುತ್ತಿತ್ತು.

ನಾನು ಒಲೆಯ ಹತ್ತಿರ ನಿಂತಿದ್ದೆ. ಸೀಸೆಯನ್ನು ಕಿತ್ತು ಎಸೆಯಬಹುದಿತ್ತು. ಎಸೆಯಲಿಲ್ಲ. ಕುಡಿಯಲಿ ಎಂದು ನನ್ನ ಮನಸ್ಸು ಹೇಳುತ್ತಿತ್ತು ಅತ್ತೆ. ಕುಡಿದರೆ ಹಳಬನೇ ಸಿಗುತ್ತಾನೆ, ಆಗ ಎಲ್ಲವನ್ನೂ ಅವನ ಮುಖದ ಮೇಲೆ ಕೇಳಬಹುದು ಎಂದು. ಕುಡುಕನಿಗಿಂತ ಕೆಟ್ಟದ್ದು ನನ್ನೊಳಗೇ ಇದೆ ಎಂದು ನನಗೆ ತಿಳಿದದ್ದು ಆ ಹೊತ್ತಿನಲ್ಲಿ. ಅವರು ತಲೆಯೆತ್ತಿ ನನ್ನ ಮುಖ ನೋಡಿದರು. ಅದರಲ್ಲಿದ್ದದ್ದು ಅವರಿಗೆ ಕಂಡಿತು. ಕೋಪಿಸಿಕೊಳ್ಳಲಿಲ್ಲ. "ಇದು ಅವನ ಎಡೆ. ಅವ್ನಿಗೇ ಕೊಟ್ಬಿಡಾಣ, ನೀನೂ ಬಾ" ಎಂದು ಸೀಸೆ ಎತ್ತಿಕೊಂಡು ಎದ್ದರು.

ಕಾರ್ಖಾನೆಯ ಹಿಂದೆ ಜೇಡಿಮಣ್ಣು ತೆಗೆದ ಹಳ್ಳವಿದೆ. ಅಲ್ಲಿ ಮಂಡಿಯೂರಿ, ಹಾಲು ತುಪ್ಪ ಬಿಡುವ ಹಾಗೆ, ಸೀಸೆಯನ್ನು ನೆಲಕ್ಕೆ ಬಗ್ಗಿಸಿದರು. ಮಣ್ಣು ಅದನ್ನು ಹೀರಿಕೊಂಡಿತು. ಕೊನೆಯಲ್ಲಿ ಒದ್ದೆಯಾದ ಬೆರಳು ಬಾಯಿಯ ಹತ್ತಿರ ಹೋಯಿತು, ನಾನು ನೋಡಿದೆ. ಆ ಕೈಯನ್ನು ಕೆಸರಿನಲ್ಲಿ ಒತ್ತಿ ಹಿಡಿದುಕೊಂಡು ಹಸುಗೂಸಿನ ಹಾಗೆ ಅತ್ತರು. "ನಿಂಗೆ ಹೊಡ್ದೋನು ಇಲ್ಲೇ ಅವ್ನೆ. ಬೈಯಬೇಕಾದ್ದೆಲ್ಲ ಬೈದ್ಬಿಡು, ನಾನು ಅತ್ಲಾಗ್ ಹೋಗ್ತೀನಿ" ಎಂದು ಎದ್ದು ದೂರ ಹೋದರು.

ಬೈದೆ ಅತ್ತೆ. ಗಂಟಲು ಕಟ್ಟುವ ತನಕ ಬೈದೆ. ಮಣ್ಣಿಗೆ ಒದ್ದೆ. ಬೈಯುತ್ತ ಬೈಯುತ್ತ, ನಾನು ಚಿಕ್ಕವಳಿದ್ದಾಗ ನಿಮ್ಮ ಮನೆಯ ಹಿತ್ತಲಿನಲ್ಲಿ ಹುಣಸೆಕಾಯಿ ಕೆಡವಿ ನನ್ನ ಲಂಗಕ್ಕೆ ತುಂಬುತ್ತಿದ್ದ ಕದಿರೇಶ ಬಾವನ ನೆನಪಾಯಿತು. ಸತ್ತವನು ಅವನೂ ಅಲ್ಲವೇ? ಅವನಿಗಾಗಿ ಯಾರೂ ಅತ್ತಿರಲಿಲ್ಲ. ನಾನು ಅತ್ತೆ. ನೀವು ಅಡ್ಡ ನಿಂತು ಉಳಿಸಿದ ಬಳೆಗಳನ್ನು ಅಲ್ಲಿದ್ದ ಒಡಕು ಹೆಂಚಿಗೆ ಬಡಿದು ನಾನೇ ಒಡೆದುಕೊಂಡೆ. ಮನೆಗೆ ಬಂದು ಕ್ಯಾರಿಯರಿನ ಊಟವನ್ನು ಇಬ್ಬರೂ ಉಂಡೆವು. ಎಡೆಯ ಊಟ ಉಣ್ಣಬಾರದೆಂದು ಉಪದೇಶಿಗಳು ಆಮೇಲೆ ಗೊಣಗಿದರು, ನಮ್ಮಮ್ಮನ ಕೈ ಅಡುಗೆ ಎಂದಷ್ಟೇ ಇವರು ಹೇಳಿದರು. ಮಾರನೇ ದಿನ ಸಂತೆಯಿಂದ ಹಸಿರು ಬಳೆ ತಂದು, ಕೇಳದೆ ಕೈಗೆ ಹಾಕದೆ, ಒಲೆಯ ಪಕ್ಕ ಇಟ್ಟು ಕೆಲಸಕ್ಕೆ ಹೋದರು. ಎರಡು ದಿನ ಹಾಗೆಯೇ ಬಿಟ್ಟಿದ್ದೆ. ಮೂರನೆಯ ದಿನ ಹಾಕಿಕೊಂಡೆ. ಆವತ್ತಿನಿಂದ ಅವರನ್ನು ಹೆಸರು ಹಿಡಿದು ಕರೆದಿಲ್ಲ, ಆ ಹೊಸ ಹೆಸರನ್ನು ಈ ಪತ್ರದಲ್ಲಿ ಬರೆಯದಿರುವುದೂ ಅದಕ್ಕೇ. ಆಮೇಲೆ ಅವರು ಕುಡಿದಿಲ್ಲ. ಆಸೆ ಸತ್ತಿಲ್ಲವಂತೆ, ಕೂಗುತ್ತಲೇ ಇದೆಯಂತೆ. ಇವರು ಓಗೊಡುವುದಿಲ್ಲ, ಅಷ್ಟೇ.

ಮಾವನವರಿಗೆ ನಮಸ್ಕಾರ ಹೇಳುವ ಧೈರ್ಯ ನನಗಿಲ್ಲ, ಸಮಯ ನೋಡಿ ನೀವೇ ಹೇಳಿ. ಮುತ್ಯಾಲಮ್ಮ ದೊಡ್ಡಮ್ಮನಿಗೆ ನನ್ನ ಕೈತುಂಬ ಬಳೆ ಇವೆ ಎಂದು ತಿಳಿಸಿ. ಕೆಂದ ಹಸುವಿನ ಗಿಣ್ಣು ನನ್ನ ಪಾಲಿನದನ್ನೂ ನೀವೇ ತಿನ್ನಿ.

ನಿಮ್ಮ ಮಡಿಲಲ್ಲಿ ಬೆಳೆದ ಸೊಸೆ,
ಆದಿಲಕ್ಷ್ಮಿ

ತಾ.ಕ: ಅತ್ತೆ, ಟಪಾಲಿನ ಹೊತ್ತಾಯಿತು, ಬೇಗ ಬರೆಯುತ್ತೇನೆ. ದೀಪಾವಳಿಯಿಂದ ಅವರಿಗೆ ಕಣ್ಣು ಹಳದಿಯಾಗಿದೆ. ಹೊಟ್ಟೆಗೆ ನೀರು ತುಂಬಿದೆ. ಎರಡು ಸಲ ತೆಗೆಸಿದೆವು, ಮತ್ತೆ ತುಂಬುತ್ತಿದೆ. ಕುಡಿದು ಕುಡಿದು ಲಿವರ್ ಹೋಗಿದೆ, ಸಂಕ್ರಾಂತಿ ಕಾಣುವುದು ಕಷ್ಟ ಎಂದು ಡಾಕ್ಟರು ನನಗೆ ಮಾತ್ರ ಹೇಳಿದರು. ಕುಡಿದವನು ಅವನು, ಸಾಯುವವರು ಇವರು. ಆದರೂ ಇವರು ಹೆದರಿಲ್ಲ, ನಾನು ಹೆದರಿದ್ದೇನೆ. ಮಣ್ಣು ಕೊಡಲು ಯಾರೂ ಬರಬೇಕಿಲ್ಲ, ಅದು ಒಂದು ಸಲ ಆಗಿದೆ. ಜೀವ ಇರುವಾಗ ನೀವೊಬ್ಬರು ಬನ್ನಿ. ಕೋಲಾರದಲ್ಲಿ ಇಳಿದರೆ ಮಾಲೂರಿನ ಬಸ್ಸು ಸಿಗುತ್ತದೆ. ಬಂದು ಕದಿರೇಶ ಎಂದು ಕರೆಯಬೇಡಿ, ಈ ಕಡೆ ತಿರುಗುವುದಿಲ್ಲ. ಹೊಸ ಹೆಸರು ನಿಮ್ಮ ಬಾಯಿಗೆ ಬರುವುದಿಲ್ಲ. ಬಾಗಿಲಲ್ಲಿ ನಿಂತು ಮಗಾ ಎನ್ನಿ. ಅದಕ್ಕೆ ಓಗೊಡುತ್ತಾರೆ. ನಿನ್ನೆ ನಿದ್ದೆಯಲ್ಲಿ, ಯಾರೂ ಕರೆಯದಿದ್ದರೂ, ಬಂದೆ ಅಮ್ಮಾ ಎಂದರು.