ಕಾಣದ ಬಟನ್

ಮಾರ್ಚ್ 3, ಸೋಮವಾರ

ನಾಲ್ಕು ಬ್ರೌಸರ್, ಒಂದೇ ವೆಬ್ ಪುಟ. ಒಂದರಲ್ಲಿ ಅಕ್ಷರ ದಪ್ಪ, ಇನ್ನೊಂದರಲ್ಲಿ ಫೋಟೋ ಪಕ್ಕಕ್ಕೆ ಜಾರಿದೆ. ಬೆಳಗ್ಗೆಯಿಂದ ಇದೇ ತೇಪೆ ಕೆಲಸ. ಎಂಟು ವರ್ಷದಿಂದ ಇದೇ.

ಕಣ್ಣಾಸ್ಪತ್ರೆಯ ಹೊಸ ಪುಟ ನನಗೇ ಅಂದ್ಕೊಂಡಿದ್ದೆ. ಅದನ್ನು ಚೆನ್ನಾಗಿ ಮಾಡಿದವರು ಟೀಮಿಗೆ ಲೀಡ್. ಸಾರ್ ಎತ್ತಿ ಕೊಟ್ಟಿದ್ದು ಆ ಹೊಸ ಹುಡುಗಿಗೆ, ಮಹಾರಾಣಿಗೆ! ಬಂದು ಮೂರು ತಿಂಗಳಾಗಿಲ್ಲ. ಮಾತಿಗೊಂದು ಸಲ “ಅಕ್ಕಾ, ಅಕ್ಕಾ” ಅಂತಾಳೆ. ಬೆಣ್ಣೆ ಹಚ್ಚೋದರಲ್ಲಿ ಎತ್ತಿದ ಕೈ.

ಹೊಟ್ಟೆಕಿಚ್ಚಾ? ಹೌದು. ಇಲ್ಲಿ ಯಾರಿಗೆ ಸುಳ್ಳು ಹೇಳ್ಲಿ.

ಮಾರ್ಚ್ 5, ಬುಧವಾರ, ಸಂಜೆ 5

ಅವಳ ಪುಟ ಚೆನ್ನಾಗಿದೆ. ಅದೇ ಉರಿ. ಎಲ್ಲ ಹೊಸ ಬ್ರೌಸರ್‌ನಲ್ಲೂ ಅಚ್ಚು ಹಾಕಿದ ಹಾಗೆ.

ಅವಳು ಊಟಕ್ಕೆ ಹೋದಾಗ ಡ್ರಾಯರಿನಲ್ಲಿದ್ದ ಹಳೇ ಟ್ಯಾಬ್ ತೆಗೆದು ನೋಡಿದೆ. ಫಾರಂ ಇದೆ, ಕೊನೇಲಿ ‘ದಿನ ಕಾಯ್ದಿರಿಸಿ’ ಬಟನ್ ಇಲ್ಲ! ಜರುಗಿಸಿದರೂ ಬರಲ್ಲ.

ಟ್ಯಾಬ್ ವಾಪಸ್ ಇಟ್ಟೆ. ಬಾಯಿ ಬಿಡಲಿಲ್ಲ. ಮಾಡಿದ್ದುಣ್ಣೋ ಮಹರಾಯ. ಮಹಾರಾಣಿಗೂ ಅದೇ ನ್ಯಾಯ.

ಮಾರ್ಚ್ 6, ಗುರುವಾರ

ಪುಟ ಜನರ ಬಳಕೆಗೆ ಬಿಟ್ಟರು. ಸಾರ್ ಚಪ್ಪಾಳೆ. ಕೇಕ್. ನನಗೆ ದೊಡ್ಡ ತುಂಡು ಅವಳೇ ತಂದುಕೊಟ್ಟಳು. ತಿಂದೆ.

ಮಾರ್ಚ್ 9, ಭಾನುವಾರ

ಅಮ್ಮನ ಮನೆ. ಕಣ್ಣಿನ ಪೊರೆ ಆಪರೇಷನ್‌ಗೆ ದಿನ ಹಿಡಿಯೋಕೆ ಮೂರು ದಿನದಿಂದ ಒದ್ದಾಡ್ತಿದ್ದಾಳೆ. ಅದೇ ಆಸ್ಪತ್ರೆ. ಕೈಯಲ್ಲಿ ನಾನೇ ಕೊಟ್ಟ ಹಳೇ ಟ್ಯಾಬ್.

“ಬಟನ್ ಒತ್ತು ಅಂತ ಬರೆದಿದೆ ಕಣೇ. ಬಟನ್ನೇ ಕಾಣಲ್ಲ. ಇನ್ನೊಂದು ಕಣ್ಣೂ ಹೋಯ್ತೇನೋ.”

ಹೇಳುತ್ತಾ ನಕ್ಕಳು. ಆಮೇಲೆ ಒಲೆ ಹಚ್ಚೋಕೆ ಹೋದವಳು ಗೋಡೆ ಮುಟ್ಟಿಕೊಂಡು ನಡೆದಳು. ಇಷ್ಟು ದಿನ ಹಾಗೆ ನಡೀತಿರಲಿಲ್ಲ. ಹೆದರಿಬಿಟ್ಟಿದ್ದಾಳೆ.

“ನಿನ್ನ ಇನ್ನೊಂದು ಕಣ್ಣು ಸರಿಯಾಗಿದೆಯಮ್ಮ” ಅನ್ನೋಕೆ ಬಾಯಿ ಬರಲಿಲ್ಲ. ಹೇಗೆ ಗೊತ್ತು ಅಂದರೆ? ನನ್ನ ಫೋನಲ್ಲಿ ನೋಡಿದೆ. ಈ ತಿಂಗಳು ಪೂರ್ತಿ ಭರ್ತಿ, ಮುಂದಿನದು ಇನ್ನೂ ತೆರೆದಿಲ್ಲ. ಗುರುವಾರವೇ ಒತ್ತಿದ್ದರೆ ಸಿಗ್ತಿತ್ತು.

ಮಾರ್ಚ್ 10, ಸೋಮವಾರ

ನಲವತ್ತು ದೂರು. ಎಲ್ಲ ವಯಸ್ಸಾದವರು, ಎಲ್ಲ ಹಳೇ ಟ್ಯಾಬ್. ಸಾರ್ ಕೂಗಾಟ. “ನನ್ನ ತಪ್ಪು ಸಾರ್” ಅಂತ ಮಹಾರಾಣಿ ತಲೆ ತಗ್ಗಿಸಿ ನಿಂತಳು.

ಅವಳ ತಪ್ಪನ್ನು ಎಲ್ಲರೆದುರು ಎತ್ತಿ ತೋರಿಸೋಣ ಅಂತ ಫೈಲ್ ತೆಗೆದೆ. ಸಿಕ್ತು. ನಮ್ಮ ಎಲ್ಲ ಪುಟಗಳಿಗೂ ಸೇರೋ ಹಳೇ ಕೋಡಿನಲ್ಲಿ, ಪುಟದ ಎತ್ತರ ಕಟ್ಟಿಹಾಕೋ ಒಂದು ಸಾಲು, ಹಳೇ ಬ್ರೌಸರ್‌ಗೆ ಮಾತ್ರ. ಆಗಿನ ಪುಟಗಳು ಚಿಕ್ಕವು, ನಡೀತಿತ್ತು. ಈ ಫಾರಂ ಉದ್ದ. ಕೊನೇಲಿದ್ದ ಬಟನ್ ಕತ್ತರಿಸಿಹೋಗಿದೆ.

ಮೇಲೆ ದೊಡ್ಡದಾಗಿ: ಮುಟ್ಟಬೇಡಿ. ಕೆಳಗೆ ಆರು ವರ್ಷದ ಹಿಂದಿನ ತಾರೀಖು. ನನ್ನ ಹೆಸರು.

ಅವಳನ್ನು ಕಾರಿಡಾರಿನಲ್ಲಿ ಹಿಡಿದು ಕೇಳಿದೆ. “ಆ ಸಾಲು ಯಾಕೆ ಬಿಟ್ಟೆ?”

“ನೀವು ಮುಟ್ಟಬೇಡಿ ಅಂದಿದ್ರಲ್ಲಾ ಅಕ್ಕಾ. ಗೊತ್ತಿಲ್ಲದೆ ಬರೀತೀರಾ ನೀವು?”

“ಸಾಲು ನನ್ನದು ಅಂತ ಸಾರ್‌ಗೆ ಹೇಳಬೇಕಿತ್ತು.”

“ಹಳೇದರಲ್ಲಿ ನೋಡದೆ ಬಿಟ್ಟಿದ್ದು ನಾನೇ ತಾನೇ?”

ನೋಡಿದವಳು ನಾನು. ಥೂ, ಒಳ್ಳೇತನದಲ್ಲೂ ನನ್ನನ್ನು ಹಿಂದೆ ಹಾಕಿದಳಲ್ಲ.

ಮಾರ್ಚ್ 11, ಮಂಗಳವಾರ, ಮಧ್ಯಾಹ್ನ

ಆ ಸಾಲು ಅಳಿಸಿದೆ. ಬಟನ್ ಬಂತು. ಎರಡು ನಿಮಿಷದ ಕೆಲಸ.

ಸಾರ್ ಪುಟವನ್ನು ಅವಳ ಕೈಯಿಂದ ಕಿತ್ತು ನನಗೆ ಕೊಟ್ಟರು. ಲೀಡೂ ನಾನೇ. “ಅನುಭವ ಅಂದ್ರೆ ಇದು” ಅಂದರು. ಅವಳು ಎದುರಿಗೇ ಕೂತಿದ್ದಾಳೆ, ತನ್ನ ನೋಟ್ಸೆಲ್ಲ ನನಗೋಸ್ಕರ ಜೋಡಿಸ್ತಾ.

ಅಮ್ಮ ಫೋನ್ ಮಾಡಿದ್ದಳು. “ಬಟನ್ ಕಾಣಿಸ್ತು ಕಣೇ! ಕಣ್ಣು ಹೋಗಿಲ್ಲ! ಮುಂದಿನ ತಿಂಗಳ ದಿನ ಸಿಕ್ತು. ಸರಿ ಮಾಡಿದವರ ಹೊಟ್ಟೆ ತಣ್ಣಗಿರಲಿ.”

ಸಾರ್ ರೂಮಿನ ಬಾಗಿಲು ತೆರೆದೇ ಇದೆ. ಹೇಳಬೇಕಾದ್ದನ್ನು ಇಲ್ಲಿ ಬರೆದುಕೊಂಡು ಹೋಗ್ತೀನಿ, ಅಲ್ಲಿ ನಾಲಿಗೆ ತಡವರಿಸಬಾರದು.

ಸಾರ್, ಆ ಸಾಲು ನನ್ನದು. ಬಟನ್ ಇಲ್ಲ ಅನ್ನೋದು ಕಳೆದ ಬುಧವಾರವೇ ನನಗೆ ಗೊತ್ತಿತ್ತು.