ಚೆಲ್ಲದ ಲೋಟ

ಭಾನುವಾರ, ಮಧ್ಯಾಹ್ನ

ಅಮ್ಮಾ,

ಫೋನಿನಲ್ಲಿ ನೀನು ‘ಚೆನ್ನಾಗಿದೀನಿ’ ಅನ್ನುತ್ತೀ, ನಾನೂ ‘ಚೆನ್ನಾಗಿದೀನಿ’ ಅನ್ನುತ್ತೇನೆ, ಮಾತು ಅಲ್ಲಿಗೆ ಮುಗಿಯುತ್ತದೆ. ಅದಕ್ಕೇ ಈ ಕಾಗದ. ಇಲ್ಲಿ ನೀನು ನಡುವೆ ಬಾಯಿ ಹಾಕಲಾರೆ.

ನಾನು ಚೆನ್ನಾಗಿಲ್ಲ. ಸುಸ್ತಾಗಿದ್ದೇನೆ. ಲೋಟ ಮಾಡುವುದೇನೂ ಅಷ್ಟು ಕಷ್ಟವಾಗಲಿಲ್ಲ. ಕೈ ನಡುಗುವವರು ಹಿಡಿದರೂ ಚಹಾ ಚೆಲ್ಲಬಾರದೆಂದು ತಳಕ್ಕೆ ಭಾರ, ಎರಡೂ ಕಡೆ ಅಗಲವಾದ ಹಿಡಿ, ಒಳಕ್ಕೆ ಬಾಗಿದ ಅಂಚು. ಅದೆಲ್ಲ ನಾನೂ ಗೆಳತಿಯೂ ಸೇರಿ ಸಾಧಿಸಿದೆವು. ಸೋತದ್ದು ಅದನ್ನು ಜನರಿಗೆ ಮುಟ್ಟಿಸುವುದರಲ್ಲಿ. ಜಾಹೀರಾತಿನವರನ್ನು ಕರೆಸುವ ಶಕ್ತಿ ನಮ್ಮ ಪುಟ್ಟ ಕಂಪನಿಗೆ ಇರಲಿಲ್ಲ. ‘ನಮ್ಮ ಡೋಲು ನಾವೇ ಬಡ್ಕೊಳ್ಳೋಣ’ ಎಂದಳು ಗೆಳತಿ.

ಬಡಿದುಕೊಂಡೆವು. ಅಡುಗೆಮನೆಯ ಕಟ್ಟೆಯ ಮೇಲೆ ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ, ನಡುಗದ ಕೈಯನ್ನು ನಡುಗಿಸಿ ವಿಡಿಯೊ ಮಾಡಿದೆ. ‘ಮೊದಲು ನಟನೆ ಕಲಿತು ಬಾರಮ್ಮ’ ಎಂದು ಯಾರೋ ಕೆಳಗೆ ಬರೆದರು. ಔಷಧಿ ಅಂಗಡಿಯೊಂದರಲ್ಲಿ ಕಾಡಿ ಬೇಡಿ ಒಂದು ಲೋಟ ಇಟ್ಟು ಬಂದೆ. ಮರುವಾರ ಹೋದರೆ ಅದರ ತುಂಬ ಪೆನ್ನುಗಳು! ಆಸ್ಪತ್ರೆಯ ಬಾಗಿಲಲ್ಲಿ ಕರಪತ್ರ ಹಂಚುತ್ತಿದ್ದಾಗ ಹಿರಿಯರೊಬ್ಬರು ಓದಿ, ಮಡಚಿ, ನನ್ನ ಕೈಗೇ ವಾಪಸ್ ಕೊಟ್ಟರು. ‘ರೋಗಿಗಳಿಗಾಗಿ ಅಂತ ಹಾಕಿದ್ದೀಯಲ್ಲ ತಾಯಿ. ನಾನು ರೋಗಿ ಅಲ್ಲ, ಕೈ ಸ್ವಲ್ಪ ಅಲ್ಲಾಡುತ್ತೆ ಅಷ್ಟೆ. ಇದನ್ನ ಹಿಡ್ಕೊಂಡ್ರೆ ನೋಡಿದವರು ಏನಂದ್ಕೋತಾರೆ?’

ಅಂದು ಸಂಜೆ ಗೆಳತಿ ಮೆಲ್ಲಗೆ ಅಂದಳು: ‘ನಿಮ್ಮಮ್ಮನ್ನ ಕೇಳಬಾರದಾ? ಅವರು ಕುಡಿಯೋದನ್ನ ಒಂದು ನಿಮಿಷ ತೋರಿಸಿದ್ರೆ ಸಾಕು.’

ನಾನು ಅವಳ ಮೇಲೆ ಹರಿಹಾಯ್ದೆ. ಅಣ್ಣನ ಮನೆಯಲ್ಲಿ ನೆಂಟರು ಬಂದಾಗ ನೀನು ‘ಈಗಷ್ಟೇ ಕುಡಿದೆ, ಬೇಡ’ ಎಂದು ಕೈಗಳನ್ನು ಶಾಲಿನೊಳಗೆ ಎಳೆದುಕೊಂಡದ್ದು ಕಣ್ಣ ಮುಂದೆ ಬಂತು. ಬೆಳಗಿನಿಂದ ನೀನು ಏನೂ ಕುಡಿದಿರಲಿಲ್ಲ. ನಿನ್ನ ನಡುಕ ಮಾರಿ ನಾನು ಬದುಕಬೇಕೇ? ನಾವು ಜಗಳವಾಡಿದ್ದು ಇದೊಂದಕ್ಕೇ ಅಲ್ಲ. ಆದರೂ ಅದಾದ ಮೇಲೆ ಅವಳು ಹೆಚ್ಚು ದಿನ ನಿಲ್ಲಲಿಲ್ಲ, ನೌಕರಿ ಹಿಡಿದಳು. ನಾನೂ ಅಂಗಡಿ ಮುಚ್ಚುವುದೆಂದು ಮನಸ್ಸು ಮಾಡಿಕೊಂಡೆ.

ಅಷ್ಟರಲ್ಲಿ ನಿನ್ನ ಊರಿನಿಂದ ಆರ್ಡರು ಬಂತು. ಮತ್ತೊಂದು ಬಂತು. ಇನ್ನೂ ಕೆಲವು. ಯಾರೋ ಆಟವಾಡಿಸುತ್ತಿದ್ದಾರೆ ಅನ್ನಿಸಿ ಒಂದು ನಂಬರಿಗೆ ಫೋನ್ ಮಾಡಿದೆ. ಹೆಂಗಸೊಬ್ಬರು ಎತ್ತಿಕೊಂಡರು.

‘ನಮ್ಮ ಓದುವ ಗುಂಪಿಗೆ ಟೀಚರಮ್ಮ ತಂದಿದ್ರು. ಎಲ್ಲರ ಮುಂದೆ ಚಹಾ ಹಾಕಿಸ್ಕೊಂಡು ಕುಡಿದ್ರು. “ನೋಡಿ, ನನ್ನ ಕೈ ಹೀಗೆ ನಡುಗುತ್ತೆ. ನನ್ನ ಮಗಳ ಲೋಟ ಒಂದು ಹನಿ ಚೆಲ್ಲಲ್ಲ” ಅಂದ್ರು. ಆಗ ನಾವೂ ಮೂರ್ನಾಲ್ಕು ಜನ ಮೇಜಿನ ಕೆಳಗಿದ್ದ ಕೈ ಮೇಲಕ್ಕೆ ತೆಗೆದ್ವಿ.’

ಆ ಮಗಳು ನಾನೇ ಎಂದು ಹೇಳಲಾಗಲಿಲ್ಲ. ಫೋನಿಟ್ಟು ರಟ್ಟಿನ ಪೆಟ್ಟಿಗೆಗಳ ಮೇಲೆ ಕುಳಿತು ಅತ್ತೆ.

ಇಷ್ಟರಿಂದ ಕಂಪನಿ ಎದ್ದು ನಿಲ್ಲುವುದಿಲ್ಲ ಅಮ್ಮ, ಸುಳ್ಳು ಹೇಳಲಾರೆ. ನಾಳೆಯಿಂದ ನಾನೂ ನೌಕರಿಗೆ ಹೋಗುತ್ತಿದ್ದೇನೆ. ಆದರೆ ಮುಚ್ಚುವ ಮಾತು ಬಿಟ್ಟಿದ್ದೇನೆ. ರಜೆಯ ದಿನ ಕೂತು ಕಟ್ಟಿ ಕಳಿಸುತ್ತೇನೆ. ಕರಪತ್ರದಿಂದ ‘ರೋಗಿ’ ಎಂಬ ಪದ ತೆಗೆದುಹಾಕಿದೆ. ಅದರ ಜಾಗದಲ್ಲಿ ಏನು ಬರೆಯಬೇಕೋ ತಿಳಿಯದು. ಮಕ್ಕಳ ಪ್ರಬಂಧಗಳನ್ನು ಜನ್ಮವೆಲ್ಲ ತಿದ್ದಿದವಳು ನೀನು, ಒಂದು ಸಾಲು ಹೇಳಿಕೊಡು.

ಹುಷಾರಾಗಿರು. ಬೇಡ ಅನ್ನದೆ ಚಹಾ ಕುಡಿ.

ನಿನ್ನ
ಚಿಕ್ಕವಳು

ತಾ.ಕ.: ನೀನು ನೊಂದುಕೊಂಡೀಯೆಂದು ನಿನಗೆ ನಾನು ಲೋಟ ಕಳಿಸಿಯೇ ಇರಲಿಲ್ಲ. ನಿನ್ನ ಬೀದಿಯ ದರ್ಜಿಯ ಹೆಸರಿನಲ್ಲಿ ತರಿಸಿಕೊಂಡೆಯಂತೆ, ಫೋನಿನಲ್ಲಿ ಆ ಹೆಂಗಸೇ ಬಾಯಿ ಬಿಟ್ಟರು. ನಿನ್ನ ಬೀದಿಯ ವಿಳಾಸ ಕಂಡರೂ ಆಗ ನನಗೆ ನಿನ್ನ ಮೇಲೆ ಅನುಮಾನವೇ ಬರಲಿಲ್ಲ. ಅಮ್ಮ, ಅದು ಗೆಳತಿ ಇನ್ನೂ ಜೊತೆಗಿದ್ದಾಗಲೇ ಬಂದ ನಮ್ಮ ಮೊಟ್ಟಮೊದಲ ಆರ್ಡರು. ನಮ್ಮ ಗುರುತೇ ಇಲ್ಲದ ಒಬ್ಬರು ನಮ್ಮನ್ನು ನಂಬಿದರಲ್ಲ ಎಂದು ನಾವಿಬ್ಬರೂ ಆ ದಿನ ಕುಣಿದಾಡಿದ್ದೆವು.